ಎರಕದ ಮನೆಯ ಕುರ್ಚಿಗಳು

ಜನವರಿ ೬

ಪ್ರೀತಿಯ ಅಣ್ಣಾ,

ಈ ಪತ್ರವನ್ನು ಕೂತು ಓದು. ಬಾಯಲ್ಲಿ ಮೊಳೆ ಇಟ್ಟುಕೊಂಡು, ಒಂದು ಕೈಯಲ್ಲಿ ಅಂಟು ಬಳಿಯುತ್ತಾ ಓದಬೇಡ. ಗಾಬರಿಯಲ್ಲಿ ನುಂಗಿದರೆ ಆಮೇಲೆ ಅದೂ ನನ್ನ ತಲೆಗೇ ಬರುತ್ತದೆ.

ನನಗೆ ಪ್ರದರ್ಶನ ಸಿಕ್ಕಿದೆ. ಹತ್ತು ಜನರ ಜೊತೆ ಮೂಲೆಯಲ್ಲಿ ಒಂದು ಚಿತ್ರ ನೇತುಹಾಕುವ ಪ್ರದರ್ಶನವಲ್ಲ, ನನ್ನೊಬ್ಬಳದೇ. ಐವತ್ತೆರಡನೇ ವಯಸ್ಸಿಗೆ! ಮಾರ್ಚ್ ಹದಿನಾಲ್ಕಕ್ಕೆ ಶುರು, ತಿಂಗಳ ಕೊನೆಯವರೆಗೂ ಇರುತ್ತದೆ. ಎಲ್ಲಿ ಅಂತ ಕೇಳು. ಬಂದರಿನ ಹಿಂದೆ ಮುಚ್ಚಿ ಬಿದ್ದಿರುವ ಎರಕದ ಕಾರ್ಖಾನೆಯಲ್ಲಿ.

ನಗಬೇಡ. ಒಂದು ಕಾಲಕ್ಕೆ ಅಲ್ಲಿ ಕಬ್ಬಿಣ ಕರಗಿಸಿ ನೀರೆತ್ತುವ ಪಂಪುಗಳನ್ನು ಎರಕ ಹೊಯ್ಯುತ್ತಿದ್ದರಂತೆ. ನೆಲದ ತುಂಬ ಈಗಲೂ ಕಪ್ಪು ಮರಳು. ಗೋಡೆಯೆಲ್ಲ ಮಸಿ. ತಲೆಯ ಮೇಲೆ ಈ ತುದಿಯಿಂದ ಆ ತುದಿಗೆ ಕಬ್ಬಿಣದ ತೊಲೆ, ಅದಕ್ಕೆ ಭಾರ ಎತ್ತುವ ಕೊಕ್ಕೆ. ಕಿಟಕಿಗಳು ನಮಗೆ ಎಟುಕದಷ್ಟು ಮೇಲೆ, ಅರ್ಧ ಗಾಜು ಒಡೆದು ಪಾರಿವಾಳಗಳ ಪಾಲಾಗಿವೆ. ನಾನೇ ದಂಗಾಗಿ, "ಇಲ್ಲಿ ಚಿತ್ರ ಹಾಕ್ತೀರಾ?" ಅಂತ ಕೇಳಿದೆ. ಇದರ ಉಸ್ತುವಾರಿಯೆಲ್ಲ ಹೊತ್ತಿರುವುದು ಒಬ್ಬಳು ಹುಡುಗಿ, ಮೂವತ್ತೂ ಆಗಿರಲಿಕ್ಕಿಲ್ಲ. "ನಿಮ್ಮ ಕುರ್ಚಿಗಳಿಗೆ ಇಷ್ಟು ದೊಡ್ಡ ಮೌನ ಬೇರೆ ಎಲ್ಲಿ ಸಿಗುತ್ತೆ ಮೇಡಂ?" ಅಂದಳು. ಈಗಿನವರು ಹೀಗೇ ಮಾತಾಡುವುದು. ಆದರೆ ಸುಳ್ಳು ಹೇಳಬಾರದು, ಒಳಗೊಳಗೇ ಹಿಗ್ಗಿದೆ.

ಕುರ್ಚಿಯ ಹುಚ್ಚು ನಿನಗೆ ಗೊತ್ತೇ ಇದೆ. ಮೂರು ವರ್ಷದಿಂದ ಬೇರೇನೂ ಬರೆದಿಲ್ಲ. ಯಾರೋ ಎದ್ದು ಹೋದ ಮೇಲೆ ಉಳಿಯುವ ಕುರ್ಚಿ: ಕ್ಷೌರದಂಗಡಿಯದು, ಆಸ್ಪತ್ರೆಯ ಬಾಗಿಲ ಹೊರಗಿನದು, ಟೈಪಿಂಗ್ ಶಾಲೆಯಲ್ಲಿ ಸಾಲಾಗಿ ಇರುವವು. ಒಟ್ಟು ಹತ್ತು ಚಿತ್ರ ಹೋಗುತ್ತವೆ. ಅಳತೆಗಳನ್ನು ಹಿಂದಿನ ಪುಟದಲ್ಲಿ ಬರೆದಿದ್ದೇನೆ. ಈ ಸಲ ಚಿತ್ರಗಳನ್ನು ನಿನ್ನ ಕಟ್ಟಿನ ಅಂಗಡಿಗೆ ಕಳಿಸಲು ಆಗುವುದಿಲ್ಲ ಅಣ್ಣಾ. ಒಂದೊಂದೂ ಬಾಗಿಲಿನಷ್ಟು ದೊಡ್ಡದು. ಸೀದಾ ನನ್ನ ಕೋಣೆಯಿಂದ ಕಾರ್ಖಾನೆಗೆ ಹೋಗುತ್ತವೆ. ನೀನು ಅಲ್ಲೇ ಅವಕ್ಕೆ ಮರದ ಚೌಕಟ್ಟು ಮಾಡಿ, ಕಟ್ಟುಗಳನ್ನಷ್ಟೇ ಕಳಿಸು.

ಇಲ್ಲದಿದ್ದರೆ ನೀನೇ ಬಾ. ಬಾ ಅಂದರೆ ಬಾ. ನನಗೆ ಈ ಊರಲ್ಲಿ ಇರುವವರೆಲ್ಲ ಪರಿಚಯದವರು, ನನ್ನವರು ಅನ್ನುವವರು ಒಬ್ಬರೂ ಇಲ್ಲ.

ನಿನ್ನ,
ಗುಬ್ಬಿ


ಜನವರಿ ೧೫

ಗುಬ್ಬೀ,

ಕೂತೇ ಓದಿದೆ. ಮೊಳೆ ನುಂಗಲಿಲ್ಲ, ಆದರೆ ಚಹಾ ನೆತ್ತಿಗೇರಿತು. ಪಕ್ಕದ ಔಷಧಿ ಅಂಗಡಿಯವನು ಓಡಿ ಬಂದು ಬೆನ್ನು ಗುದ್ದಿದ. "ಏನಾಯ್ತು, ಕೆಟ್ಟ ಸುದ್ದೀನಾ?" ಅಂದ. "ಅಲ್ಲಯ್ಯಾ, ನಮ್ಮ ಗುಬ್ಬಿಗೆ ಒಂದು ಇಡೀ ಕಾರ್ಖಾನೆ ಕೊಟ್ಟಿದ್ದಾರೆ" ಅಂದೆ. ಅವನು ನೀನು ಕಾರ್ಖಾನೆ ಕೊಂಡುಕೊಂಡೆ ಅಂತಲೇ ತಿಳಿದುಕೊಂಡಿದ್ದಾನೆ. ನಾನೂ ತಿದ್ದಲು ಹೋಗಲಿಲ್ಲ.

ಸಂತೋಷ ಎಷ್ಟಾಯಿತು ಅಂತ ಬರೆಯಲು ನನಗೆ ಬರುವುದಿಲ್ಲ. ಅಪ್ಪ ಇದ್ದಿದ್ದರೆ, ಗೊತ್ತಲ್ಲ, ಮುಖ ತಿರುಗಿಸಿಕೊಂಡು ಮೂಗು ಒರೆಸಿಕೊಳ್ಳುತ್ತಿದ್ದರು. ನಾನೂ ಅದನ್ನೇ ಮಾಡಿದೆ.

ಆದರೆ ಮಸಿ ಗೋಡೆ ಅಂದರೆ ಏನಮ್ಮಾ ಅರ್ಥ? ನಲವತ್ತು ವರ್ಷ ನಿನ್ನ ಚಿತ್ರಗಳಿಗೆ ಒಂದು ಚೂರು ಧೂಳು ಒಳಗೆ ಹೋಗದ ಹಾಗೆ ಕಟ್ಟು ಹಾಕಿ ಕೊಟ್ಟಿದ್ದು ಕೊನೆಗೆ ಮಸಿಗೆ ಒರಗಿಸಲಿಕ್ಕಾ? ಇರಲಿ, ನಿಮ್ಮ ಲೋಕ ನಿಮಗೆ ಗೊತ್ತು. ಅಂಥ ಜಾಗಕ್ಕೆ ಕಟ್ಟು ಗಟ್ಟಿಯಾಗಿರಬೇಕು, ಅಗಲವಾಗಿರಬೇಕು. ಇಲ್ಲದಿದ್ದರೆ ಚಿತ್ರ ಎಲ್ಲಿ ಮುಗಿಯಿತು, ಮಸಿ ಎಲ್ಲಿ ಶುರುವಾಯಿತು ಅಂತಲೇ ಗೊತ್ತಾಗುವುದಿಲ್ಲ.

ಒಂದೇ ಒಂದು ಬೇಜಾರು, ಹೇಳಿಬಿಡುತ್ತೇನೆ. ನೀನು ಹನ್ನೆರಡು ವರ್ಷದವಳಿದ್ದಾಗ ಬರೆದ ಆ ವಕ್ರ ಮೇಕೆಯಿಂದ ಹಿಡಿದು ಇವತ್ತಿನವರೆಗೆ, ಒಂದು ದಿನ ಪೂರ್ತಿ ಎದುರು ಕೂರಿಸಿಕೊಂಡು ನೋಡದೆ ನಿನ್ನ ಯಾವ ಚಿತ್ರಕ್ಕೂ ನಾನು ಮರ ಕೊಯ್ದಿಲ್ಲ. ನೋಡಿ, ಅದರ ಬಗ್ಗೆ ನಿನಗೆ ಒಂದು ಮಾತು ಬರೆದು, ಆಮೇಲೆ ಗರಗಸ ಹಿಡಿಯುವುದು. ಈಗ ಬರೀ ಅಂಕಿ ಕಳಿಸಿದ್ದೀಯ. ಮುಖ ನೋಡದೆ ಟೋಪಿ ಹೊಲಿಯುವ ಹಾಗಾಯಿತು. ಪರವಾಗಿಲ್ಲ, ಹೊಲಿಯುತ್ತೇನೆ.

ಬರುವ ಮಾತು ಎತ್ತಬೇಡ. ಅಂಗಡಿ ಬಿಟ್ಟು ಎಲ್ಲಿ ಬರಲಿ? ಕೆಲಸ ತಲೆ ಮೇಲೆ ಬಿದ್ದಿದೆ. ಕಟ್ಟಡದ ಮಾಲೀಕನ ಮಗ ಬೇರೆ ಮೊನ್ನೆ ಟೇಪು ಹಿಡಿದುಕೊಂಡು ಬಂದು ಗೋಡೆ, ಬಾಗಿಲು ಎಲ್ಲ ಅಳೆದುಕೊಂಡು ಹೋದ.

ನಿನ್ನ ಅಣ್ಣ


ಜನವರಿ ೨೬

ಅಣ್ಣಾ,

ಮಾಲೀಕನ ಮಗ ಕೊನೆಗೂ ಬಣ್ಣ ಹೊಡೆಸುವ ಮನಸ್ಸು ಮಾಡಿದನಲ್ಲ, ಬದುಕಿದೆ! ಅತ್ತಿಗೆ ಇದ್ದಾಗಿನಿಂದ ಬೇಡಿಕೊಂಡ ಕೆಲಸ ಅದು. ಹಸಿರು ಮಾತ್ರ ಬೇಡ ಅನ್ನು. ಹಸಿರು ಗೋಡೆಯ ಮುಂದೆ ಯಾವ ಕಟ್ಟೂ ಏಳುವುದಿಲ್ಲ.

ಚಿತ್ರಗಳು ಮೊನ್ನೆ ಲಾರಿ ಹತ್ತಿ ಎರಕದ ಮನೆ ಸೇರಿದವು. ನನ್ನ ಕೋಣೆ ಬೋಳು ಬೋಳಾಗಿದೆ. ಬೆಳಿಗ್ಗೆ ಎದ್ದ ತಕ್ಷಣ ಅವುಗಳನ್ನು "ಏನ್ರಪ್ಪಾ, ನಿದ್ದೆ ಆಯ್ತಾ?" ಅಂತ ಮಾತಾಡಿಸುವುದು ರೂಢಿ. ಈಗ ಬಾಯಿ ತೆರೆದು ಸುಮ್ಮನಾಗುತ್ತೇನೆ. ನೀನು ಇದನ್ನು ಔಷಧಿ ಅಂಗಡಿಯವನಿಗೆ ಹೇಳಬೇಡ, ಮಾತ್ರೆ ಕಳಿಸಿಯಾನು.

ಉಸ್ತುವಾರಿ ಹುಡುಗಿಗೆ ನಾನು ಖಾಲಿ ಮೇಡಂ ಅಂತ ಹೆಸರಿಟ್ಟಿದ್ದೇನೆ. ಅವಳ ಬಾಯಲ್ಲಿ ಒಂದೇ ಮಾತು, "ಖಾಲಿ ಬಿಡೋಣ." ಗೋಡೆಗೆ ಸುಣ್ಣ ಬೇಡ, ಹಾಗೇ ಬಿಡೋಣ. ಚಿತ್ರದ ಕೆಳಗೆ ಹೆಸರಿನ ಚೀಟಿ ಬೇಡ, ಖಾಲಿ ಬಿಡೋಣ. ನೆಲದ ಮರಳು ಗುಡಿಸುವುದು ಬೇಡ. ನಾನು "ಬಂದವರಿಗೆ ಕೂರಲಿಕ್ಕೆ?" ಅಂದರೆ, "ಕುರ್ಚಿ ನೋಡಲಿಕ್ಕೆ ಬಂದವರು ನಿಂತೇ ಇರಲಿ" ಅಂತಾಳೆ. ಜಾಣೆ. ಚಿತ್ರಗಳನ್ನು ಗೋಡೆಗೆ ಹಾಕುವುದೂ ಇಲ್ಲವಂತೆ, ಆ ಕಬ್ಬಿಣದ ತೊಲೆಯಿಂದ ಸರಪಳಿಯಲ್ಲಿ ಇಳಿಬಿಡುತ್ತಾಳಂತೆ.

"ಮತ್ತೆ ಕಟ್ಟು?" ಅಂತ ಕೇಳಿದೆ. ಅದಕ್ಕೂ ಏನೋ ಹೇಳಿದಳು. ಅದಿರಲಿ, ಆ ಮಾತು ಇನ್ನೂ ಮುಗಿದಿಲ್ಲ. ನೀನು ಮಾತ್ರ ಅವಸರ ಮಾಡಬೇಡ ಅಣ್ಣಾ. ನಿಧಾನವಾಗಿ ಮಾಡು. ಬೇರೆ ಗಿರಾಕಿಗಳ ಕೆಲಸ ಮೊದಲು ಮುಗಿಸಿಕೋ.

ಗುಬ್ಬಿ


ಫೆಬ್ರವರಿ ೨

ಅಣ್ಣಾ,

ಇದನ್ನು ಅಂಚೆಗೆ ಹಾಕುವ ಧೈರ್ಯ ನನಗಿಲ್ಲ ಅಂತ ಗೊತ್ತಿದ್ದೂ ಬರೆಯುತ್ತಿದ್ದೇನೆ.

ಕಟ್ಟು ಬೇಡ. ಯಾವುದಕ್ಕೂ ಬೇಡ. ಖಾಲಿ ಮೇಡಂ ಒಪ್ಪಲಿಲ್ಲ ಅಂತ ನಿನಗೆ ಹೇಳಬಹುದು, ಪಾಪ ಅವಳ ತಲೆಗೆ ಕಟ್ಟಿಬಿಡಬಹುದು. ಆದರೆ ನಿನ್ನೆ ಅವಳು ಮೊದಲ ಚಿತ್ರವನ್ನು ಬರಿಮೈಯಲ್ಲಿ ಸರಪಳಿಗೆ ಏರಿಸಿದಳು. ಆ ಮಸಿಯ ಮುಂದೆ, ಮೇಲಿನ ಒಡೆದ ಕಿಟಕಿಯಿಂದ ಬಿಸಿಲು ಬಿದ್ದು, ಕ್ಷೌರದಂಗಡಿಯ ಕುರ್ಚಿ ಈಗಷ್ಟೇ ಯಾರೋ ಎದ್ದು ಹೋದ ಹಾಗೆ ಅಲುಗಾಡಿತು. ಬರೆದವಳು ನಾನೇ, ಆದರೂ ಅದನ್ನು ಮೊದಲ ಸಲ ನೋಡಿದೆ. ಅದರ ಸುತ್ತ ನಾಲ್ಕು ಮರದ ಪಟ್ಟಿ ಹಾಕಿದರೆ ಅದು ಚಿತ್ರವಾಗುತ್ತದೆ ಅಣ್ಣಾ. ಈಗ ಅದು ಕುರ್ಚಿ.

ಇದನ್ನು ನಿನಗೆ ಹೇಗೆ ಹೇಳಲಿ? ಅತ್ತಿಗೆ ಹೋದ ಮೇಲೆ ನಿನ್ನ ಪತ್ರ ಉದ್ದ ಆಗುವುದು ನನ್ನ ಚಿತ್ರ ನಿನ್ನ ಅಂಗಡಿಗೆ ಬಂದಾಗ ಮಾತ್ರ. ಉಳಿದಂತೆ "ಕ್ಷೇಮ, ಕೆಲಸ ಜಾಸ್ತಿ" ಅಷ್ಟೇ. ನನ್ನ ಚಿತ್ರಗಳ ಕಟ್ಟು ನಿನ್ನನ್ನು ಹಿಡಿದಿಟ್ಟಿದೆ ಅಂತ ನನಗೆ ಗೊತ್ತು. ನನಗೆ ಗೊತ್ತಿಲ್ಲ ಅಂತ ನೀನು ತಿಳಿದುಕೊಂಡಿದ್ದೀಯ.

ಇದು ಇಲ್ಲೇ ಮೇಜಿನೊಳಗೆ ಇರಲಿ, ಬೆಳಿಗ್ಗೆ ಇನ್ನೊಂದು ಬರೆಯುತ್ತೇನೆ.


ಫೆಬ್ರವರಿ ೫

ಗುಬ್ಬೀ,

"ನಿಧಾನವಾಗಿ ಮಾಡು" ಅಂದರೆ ಏನರ್ಥ? ಅಣ್ಣನಿಗೆ ವಯಸ್ಸಾಯಿತು, ಕೈ ನಡುಗುತ್ತದೆ ಅಂತಲಾ? ಓದಿದ ದಿನವೇ ಅಂಗಡಿಗೆ ಅರ್ಧ ಬಾಗಿಲು ಎಳೆದು ಕೂತೆ. ಹತ್ತೂ ಮುಗಿದವು. ಈಗೇನಂತೀಯ?

ಮರ ಒಳ್ಳೆಯದು ಸಿಕ್ಕಿತು. ಹಳೇ ಶಾಲೆಯೊಂದರ ಬಾಗಿಲು ಕಿಟಕಿ ಬಿಚ್ಚಿ ಮಾರುತ್ತಿದ್ದರು, ಅದರಿಂದ ಆರಿಸಿ ತಂದೆ. ನಲವತ್ತು ವರ್ಷ ಮಕ್ಕಳ ಗಲಾಟೆ ಕೇಳಿ ಒಣಗಿದ ಮರ, ಇನ್ನು ಅದು ಯಾವ ಹವೆಗೂ ಬಾಗುವುದಿಲ್ಲ. ಮೂಲೆಗಳನ್ನು ಉಗುರು ಹಾಕಿ ನೋಡು, ಸಂದು ಸಿಕ್ಕರೆ ನನ್ನನ್ನು ಅಣ್ಣಾ ಅಂತ ಕರೆಯಬೇಡ. ಬಣ್ಣ ಹಾಕಿಲ್ಲ, ಬರೀ ಎಣ್ಣೆ. ನಿನ್ನ ಕುರ್ಚಿಗಳು ಯಾವ ಬಣ್ಣದವೋ ನನಗೇನು ಗೊತ್ತು?

ಕೂತು ಮಾಡುವಾಗ ಎದುರಿನ ಹಲಗೆ ಖಾಲಿ ಇತ್ತು. ಅಲ್ಲೇ ಅಲ್ಲವಾ ನಿನ್ನ ಚಿತ್ರ ಇಟ್ಟುಕೊಳ್ಳುತ್ತಿದ್ದುದು. ತಲೆ ಎತ್ತಿದಾಗಲೆಲ್ಲ ಬರೀ ಗೋಡೆ. ಸಾಕಾಗಿ ಹೋಯಿತು. ಒಂದು ಕ್ಯಾಲೆಂಡರ್ ತಂದು ಅಲ್ಲಿಟ್ಟೆ, ಅದರಲ್ಲಿ ಒಂದು ಬೆಕ್ಕು ಇತ್ತು. ಅದರ ಜೊತೆ ಮಾತಾಡಿದೆ ಅಂತ ಬರೆದರೆ ನೀನು ನಗುತ್ತೀಯ. ಮಾತಾಡಿದೆ.

ಗೋಣಿ ಸುತ್ತಿ, ಒಣಹುಲ್ಲು ತುಂಬಿ ನಿನ್ನೆ ಲಾರಿಗೆ ಹಾಕಿದೆ. ತಲುಪಿದ ತಕ್ಷಣ ಒಂದು ಸಾಲು ಬರೆ. ಹೇಗೆ ಕೂತವು ಅಂತ ಹೇಳು. ಅಷ್ಟು ಹೇಳಿದರೆ ನನಗೆ ಸಾಕು.

ಅಣ್ಣ


ಫೆಬ್ರವರಿ ೧೯

ಗುಬ್ಬೀ,

ಕಟ್ಟು ತಲುಪಿದವಾ? ಲಾರಿಯವನು ಇಳಿಸಿ ಬಂದೆ ಅನ್ನುತ್ತಾನೆ. ನಿನ್ನಿಂದ ಸುದ್ದಿಯೇ ಇಲ್ಲ. ಅಳತೆ ಹೆಚ್ಚುಕಮ್ಮಿ ಆಯಿತಾ? ಆಗಿದ್ದರೆ ಮುಚ್ಚಿಡಬೇಡ, ಇನ್ನೂ ಸಮಯ ಇದೆ, ಮತ್ತೆ ಮಾಡುತ್ತೇನೆ. ಔಷಧಿ ಅಂಗಡಿಯ ಫೋನಿಗೆ ಮಾಡಿದರೂ ಆದೀತು, ಆದರೆ ನಾನು ಕೂಗಿದರೆ ಅವನ ಗಿರಾಕಿಗಳು ಹೆದರುತ್ತಾರೆ. ಬರೆದರೇ ಒಳ್ಳೆಯದು.

ಅಣ್ಣ


ಫೆಬ್ರವರಿ ೨೩

ಅಣ್ಣಾ,

ತಲುಪಿದವು. ತಪ್ಪಾಯಿತು, ಓಡಾಟದಲ್ಲಿ ಬರೆಯಲು ಆಗಲಿಲ್ಲ.

ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹತ್ತಕ್ಕೆ ಹತ್ತೂ ಅಚ್ಚುಕಟ್ಟಾಗಿ ಕೂತವು. ಖಾಲಿ ಮೇಡಂ ಮೂಗಿನ ಮೇಲೆ ಬೆರಳಿಟ್ಟಳು. ಬಿಸಿಲು ಆ ಎಣ್ಣೆಯ ಮರದ ಮೇಲೆ ಬಿದ್ದಾಗ ಮೂಲೆಗಳೆಲ್ಲ ಜೇನಿನ ಬಣ್ಣಕ್ಕೆ ತಿರುಗುತ್ತವೆ. ಮಸಿ ಗೋಡೆಯ ಮುಂದೆ ನೋಡಲು ಎರಡು ಕಣ್ಣು ಸಾಲದು. ನೀನು ಹೇಳಿದ್ದು ಸರಿ, ಕಟ್ಟಿಲ್ಲದಿದ್ದರೆ ಎಲ್ಲಿ ಚಿತ್ರ ಮುಗಿಯಿತು ಅಂತಲೇ ಗೊತ್ತಾಗುತ್ತಿರಲಿಲ್ಲ.

ನೀನು ಆರಾಮಾಗಿರು. ಇಷ್ಟು ದೂರ ಬರುವ ಕಷ್ಟ ತೆಗೆದುಕೊಳ್ಳಬೇಡ, ಅಂಗಡಿ ನೋಡಿಕೋ. ಫೋಟೋ ತೆಗೆಸಿ ಕಳಿಸುತ್ತೇನೆ.

ಗುಬ್ಬಿ


ಮಾರ್ಚ್ ೨

ಗುಬ್ಬೀ,

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆ ಅಂತ ಹೇಳಿದರೆ ನಾಚಿಕೆಗೇಡು. ಔಷಧಿ ಅಂಗಡಿಯವನಿಗೆ ಓದಿ ಹೇಳಿದೆ. ಅವನ ಹೆಂಡತಿ ಬಂದಳು, ಅವಳಿಗೂ ಇನ್ನೊಮ್ಮೆ ಓದಿದೆ. ಜೇನಿನ ಬಣ್ಣ ಅನ್ನುವಲ್ಲಿ ಅವಳು "ಅಯ್ಯೋ, ಹೋಗಿ ನೋಡ್ಕೊಂಡು ಬನ್ನಿ ಅಣ್ಣಾವ್ರೇ, ಇಲ್ಲಿ ಕೂತು ಏನ್ ಮಾಡ್ತೀರಾ?" ಅಂದಳು.

ಅದೂ ನಿಜವೇ. ಮೊದಲು ಬಾ ಬಾ ಅಂತ ಕರೆದವಳು, ಈಗ ಕಷ್ಟ ತೆಗೆದುಕೊಳ್ಳಬೇಡ ಅಂತೀಯ. ನನ್ನ ಮೊಣಕಾಲಿನ ಚಿಂತೆ ನಿನಗೆ. ನನಗೆ ಅರ್ಥವಾಗುವುದಿಲ್ಲವಾ? ಮೊಣಕಾಲು ರೈಲಿನಲ್ಲಿ ಕೂತು ಬರುತ್ತದೆ, ನಡೆದುಕೊಂಡು ಬರುವುದಿಲ್ಲ.

ನನ್ನ ಕಟ್ಟುಗಳು ಒಂದು ದೊಡ್ಡ ಜಾಗದಲ್ಲಿ, ಒಟ್ಟಿಗೆ, ಗೋಡೆಗೋ ಸರಪಳಿಗೋ ತೂಗಿರುವುದನ್ನು ನಾನು ಜೀವಮಾನದಲ್ಲಿ ನೋಡಿಲ್ಲ. ಒಂದೊಂದಾಗಿ ಮಾಡಿ ಒಂದೊಂದಾಗಿ ಕಳಿಸಿದ್ದೇ ಆಯಿತು. ಒಂದು ಸಲ ನೋಡಿಬಿಡುತ್ತೇನೆ. ಹದಿನಾಲ್ಕರ ಬೆಳಗಿನ ರೈಲಿಗೆ ಇಳಿಯುತ್ತೇನೆ. ನಿಲ್ದಾಣಕ್ಕೆ ಬಾ, ನಿನ್ನ ಊರಿನ ದಾರಿ ನನಗೆ ಗೊತ್ತಿಲ್ಲ. ಬೇಡ ಅಂತ ಬರೆದರೂ ಓದುವುದಿಲ್ಲ.

ಅಣ್ಣ


ಮಾರ್ಚ್ ೧೪, ಸಂಜೆ

ಅಣ್ಣಾ,

ಬೆಳಗಿನ ರೈಲು ಬಂತು. ಕೊನೆಯ ಡಬ್ಬಿಯವರೆಗೂ ನೋಡಿದೆ. ನಿನ್ನ ಹಾಗೆ ನೀಲಿ ಅಂಗಿ ತೊಟ್ಟವರನ್ನೆಲ್ಲ ಹಿಂದಿನಿಂದ ನೀನೇ ಅಂದುಕೊಂಡೆ. ಒಬ್ಬರ ತೋಳು ಹಿಡಿದೇ ಬಿಟ್ಟೆ, ಅವರು ಪಾಪ ನಕ್ಕರು. ಮಧ್ಯಾಹ್ನದ ರೈಲಿಗೂ ನಿಂತೆ. ಔಷಧಿ ಅಂಗಡಿಗೆ ಫೋನು ಮಾಡಿದರೆ "ಹೊರಟು ಹೋದ್ರಲ್ಲಮ್ಮಾ" ಅಂದರು. ಹೊರಟವನು ಎಲ್ಲಿ ಹೋದೆ? ಹುಷಾರಾಗಿದ್ದೀಯ ತಾನೆ? ಮೊದಲು ಅಷ್ಟು ಬರೆ. ಆಮೇಲೆ ಬೈಯುತ್ತೇನೆ.

ಇಲ್ಲ, ಈಗಲೇ ಬೈಯುತ್ತೇನೆ. ನಿನಗೋಸ್ಕರ ಏನೆಲ್ಲ ಮಾಡಿದೆ ಗೊತ್ತಾ? ಇವತ್ತು ಹೇಳಿಬಿಡುತ್ತೇನೆ, ಇನ್ನು ಸುಳ್ಳಿನ ಭಾರ ಹೊರಲು ನನ್ನಿಂದಾಗದು. ನಿನ್ನ ಕಟ್ಟುಗಳನ್ನು ಗೋಣಿಯಿಂದ ಬಿಚ್ಚಿಯೇ ಇರಲಿಲ್ಲ. ಜೇನಿನ ಬಣ್ಣ, ಅದು ಇದು ಎಲ್ಲ ಬಾಯಿಗೆ ಬಂದಿದ್ದು. ಚಿತ್ರಗಳು ಬರಿಮೈಯಲ್ಲಿ ತೂಗಿದ್ದವು, ಹಾಗೇ ಚೆನ್ನಾಗಿದ್ದವು. ನೀನು ಬರುತ್ತೀ ಅಂತ ಪತ್ರ ಬಂದ ಮೇಲೆ ಖಾಲಿ ಮೇಡಂ ಜೊತೆ ಎರಡು ದಿನ ಜಗಳ. ನಿನ್ನೆ ಸಂಜೆ ಹತ್ತನ್ನೂ ಕೆಳಗಿಳಿಸಿ, ಬಡಗಿಗಳನ್ನು ಹಿಡಿದು ತಂದು, ಕಟ್ಟು ಹಾಕಿಸಿ ಮತ್ತೆ ಏರಿಸಿದೆ. ಅವಳು ಒಂದು ಮೂಲೆಯಲ್ಲಿ ನಿಂತು ಅತ್ತಳು, ನಿಜವಾಗಿ ಅತ್ತಳು.

ಇವತ್ತು ಜನ ಬಂದರು. ನೋಡಿದರು. "ಕಟ್ಟಿನ ಕೆಲಸ ತುಂಬ ಚೆನ್ನಾಗಿದೆ" ಅಂದರು. ಚಿತ್ರದ ಬಗ್ಗೆ ಹೆಚ್ಚಿನ ಮಾತು ಬರಲಿಲ್ಲ. ಮಸಿಯ ನಡುವೆ ಹತ್ತು ದೊಡ್ಡ ಚೌಕಗಳು ತೂಗುತ್ತಿದ್ದವು, ಒಳಗಿನ ಕುರ್ಚಿಗಳು ಅಲುಗಾಡಲಿಲ್ಲ. ನನಗೆ ಗೊತ್ತಾಯಿತು. ಪರವಾಗಿಲ್ಲ, ಅಣ್ಣ ಬಾಗಿಲಲ್ಲಿ ಬಂದು ನಿಂತು ತಲೆ ಎತ್ತಿದರೆ ಸಾಕು ಅಂತ ಕಾದೆ. ನೀನು ಬರಲಿಲ್ಲ.

ಎಲ್ಲರೂ ಹೋದರು. ನಾನು ಕಪ್ಪು ಮರಳಿನ ಮೇಲೆ ಕೂತು ಬರೆಯುತ್ತಿದ್ದೇನೆ. ಇಷ್ಟು ಒಂಟಿಯಾಗಿ ಎಂದೂ ಅನ್ನಿಸಿರಲಿಲ್ಲ ಅಣ್ಣಾ.

ಗುಬ್ಬಿ


ಮಾರ್ಚ್ ೧೪
ರೈಲು ಬದಲಿಸುವ ನಿಲ್ದಾಣದ ಬೆಂಚಿನಿಂದ

ಗುಬ್ಬೀ,

ನೀನು ಇವತ್ತು ಸಂತೋಷವಾಗಿದ್ದೀಯ ಅಂತ ಅಂದುಕೊಂಡು ಬರೆಯುತ್ತಿದ್ದೇನೆ. ನಿನ್ನ ಚಿತ್ರಗಳು ನಾನು ನೋಡಿದ ಹಾಗೇ ತೂಗುತ್ತಿರಬೇಕು. ಹೌದು, ನೋಡಿದೆ. ನಿನ್ನೆ.

ಒಂದು ದಿನ ಮೊದಲೇ ಬಂದುಬಿಟ್ಟೆ. ಕಾರಣ ಹೇಳಿಬಿಡುತ್ತೇನೆ. ಅಂಗಡಿ ಇಲ್ಲ ಈಗ. ಮಾಲೀಕನ ಮಗ ಗೋಡೆ ಅಳೆದದ್ದು ಬಣ್ಣಕ್ಕಲ್ಲ, ಒಡೆಯಲಿಕ್ಕೆ. ಅಲ್ಲೀಗ ಮೊಬೈಲ್ ಅಂಗಡಿಯೋ ಏನೋ ಬರುತ್ತದಂತೆ. ನಿನ್ನ ಕಟ್ಟುಗಳೇ ಅಲ್ಲಿ ಕೊನೆಯ ಕೆಲಸ. ನಿನಗೆ ಹೇಳಿದರೆ ಪ್ರದರ್ಶನ ಬಿಟ್ಟು ಓಡಿ ಬರುತ್ತೀ ಅಂತ ಸುಮ್ಮನಿದ್ದೆ. ಹನ್ನೆರಡಕ್ಕೆ ಬೀಗದ ಕೈ ಕೊಟ್ಟೆ. ಆಮೇಲೆ ಒಂದು ದಿನ ಎಲ್ಲಿ ಕಳೆಯಲಿ? ರೈಲು ಹತ್ತಿದೆ.

ಕಾರ್ಖಾನೆ ದಾರಿ ಕೇಳಿಕೊಂಡು ಹೋದೆ. ಗೇಟಿನವನು ನನ್ನ ಚೀಲದಲ್ಲಿ ಸುತ್ತಿಗೆಯ ಹಿಡಿ ನೋಡಿ, "ಬಡಗೀನಾ? ಬೇಗ ಬೇಗ, ಒಳಗೆ ಕಾಯ್ತಿದ್ದಾರೆ" ಅಂತ ತಳ್ಳಿದ. ಹೋದೆ.

ಗುಬ್ಬೀ, ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಆ ಕತ್ತಲಲ್ಲಿ ಹತ್ತು ಕುರ್ಚಿ ನೆಲ ಮುಟ್ಟದೆ ನಿಂತಿದ್ದವು. ನಡುವೆ ನಡೆದಾಡಬಹುದಿತ್ತು. ಆಸ್ಪತ್ರೆಯ ಕುರ್ಚಿಯ ಹತ್ತಿರ ಹೋದಾಗ, ನಿನ್ನ ಅತ್ತಿಗೆಯನ್ನು ಒಳಗೆ ಕರೆದುಕೊಂಡು ಹೋದ ದಿನ ನಾನು ಕೂತಿದ್ದ ಕುರ್ಚಿಯೇ ಅದು, ನಾನೇ ಈಗ ಎದ್ದು ಬಂದೆ ಅನ್ನಿಸಿತು. ಮುಟ್ಟಿದರೆ ಬಿಸಿ ಇರುತ್ತದೇನೋ ಅಂತ ಕೈ ಚಾಚಿದೆ. ಕಟ್ಟು ಎಲ್ಲಿ ಅಂತ ನೆನಪಾದದ್ದು ಬಹಳ ಹೊತ್ತಿನ ಮೇಲೆ. ನೋಡಿದರೆ ಮೂಲೆಯಲ್ಲಿ, ನಾನು ಸುತ್ತಿದ ಗೋಣಿಯಲ್ಲೇ ಇದ್ದವು. ಹಗ್ಗದ ಗಂಟೂ ನನ್ನದೇ.

ಕೋಪ ಬಂತಾ ಅಂತ ಕೇಳುತ್ತೀಯ. ಒಂದು ಕ್ಷಣ ಬಂತು. ಅಷ್ಟರಲ್ಲಿ ತಗಡಿನ ಮರೆಯ ಆಚೆ ನಿನ್ನ ದನಿ ಕೇಳಿತು. "ನಾಳೆ ನಮ್ಮಣ್ಣ ಬರ್ತಾನೆ, ಕಟ್ಟು ಹಾಕ್ಲೇಬೇಕು" ಅಂತ ಕೂಗುತ್ತಿದ್ದೆ. ಆ ಹುಡುಗಿ "ಚಿತ್ರ ಸತ್ತು ಹೋಗುತ್ತೆ ಮೇಡಂ" ಅಂದಳು. "ಹೋಗ್ಲಿ ಬಿಡಿ, ನಮ್ಮಣ್ಣನಿಗಿಂತ ದೊಡ್ಡದಾ?" ಅಂದೆ ನೀನು.

ಮೂವತ್ತು ವರ್ಷದ ಮೇಲೆ ನಿನಗೊಂದು ದಿನ ಬಂದಿದೆ, ಅದನ್ನು ಹಾಳುಮಾಡಲು ನಾನು ಟಿಕೆಟ್ ತೆಗೆಸಿಕೊಂಡು ಬಂದಿದ್ದೇನೆ. ಒಳಗೆ ಬಂದು "ಬೇಡಮ್ಮಾ, ಹೀಗೇ ಇರಲಿ" ಅಂದಿದ್ದರೆ ನೀನು ಒಪ್ಪುತ್ತಿದ್ದೆಯಾ? ನನ್ನ ಮುಖ ನೋಡಿದ ಕೂಡಲೇ ಅಳುತ್ತಿದ್ದೆ, ನಾಲ್ಕು ಮೊಳೆ ಹೆಚ್ಚೇ ಹೊಡೆಸುತ್ತಿದ್ದೆ. ನಿನ್ನನ್ನು ನಾನು ಬಲ್ಲೆ. ನಾನು ಬರದಿದ್ದರೆ ಕಟ್ಟಿನ ಅಗತ್ಯವೇ ಇಲ್ಲ ಅಂತ ತೋರಿತು. ಗೇಟಿನವನಿಗೆ "ಚಿತ್ರದ ಮೇಡಂ ಅಣ್ಣನಿಗೆ ರೈಲು ತಪ್ಪಿತಂತೆ, ಬರೋದಿಲ್ಲ, ಅವರಿಗೆ ಹಾಗೆ ಹೇಳಿಬಿಡಪ್ಪಾ" ಅಂತ ಕೈ ಹಿಡಿದು ಹೇಳಿ ಬಂದೆ. ಅವನು ಹೇಳಿರುತ್ತಾನೆ.

ನಿನ್ನನ್ನು ಮಾತಾಡಿಸದೆ ಬಂದುಬಿಟ್ಟೆ. ಇಪ್ಪತ್ತು ಹೆಜ್ಜೆ ಆಚೆ ಇದ್ದೆ ನೀನು.

ನನ್ನ ಒಂದು ಮಾತು ಬರೆಯುತ್ತೇನೆ, ಹತ್ತಕ್ಕೂ ಸೇರಿಸಿ: ಇವಕ್ಕೆ ಕಟ್ಟು ಬೇಡ. ಇನ್ನು ಆ ಹನ್ನೊಂದನೆಯದು. ನೀನು ಅಳತೆ ಕೊಡದೆ ಬಚ್ಚಿಟ್ಟದ್ದು. ಕಡೆಯ ಕಂಬದ ಹಿಂದೆ ಒಂದು ಮೊಳೆಗೆ ತಗುಲಿಸಿದ್ದ ಆ ಚಿಕ್ಕದು. ನನ್ನ ಅಂಗಡಿ. ನನ್ನ ಸ್ಟೂಲು. ಅದರ ಮೇಲೆ ನಾನಿಲ್ಲ. ಇದು ಇವಳಿಗೆ ಹೇಗೆ ಗೊತ್ತಾಯಿತು, ನಾನೇ ಇನ್ನೂ ಯಾರಿಗೂ ಹೇಳಿಲ್ಲವಲ್ಲ ಅಂತ ಹತ್ತಿರ ಹೋಗಿ ಮತ್ತೆ ನೋಡಿದೆ. ನಾನು ಖಾಲಿ ಮಾಡುವ ಮೊದಲೇ ನೀನು ಖಾಲಿ ಮಾಡಿಬಿಟ್ಟಿದ್ದೆ.

ಅದರ ಬಗ್ಗೆ ಈಗ ಏನೂ ಹೇಳುವುದಿಲ್ಲ. ಒಂದು ದಿನ ಎದುರು ಕೂತಿಲ್ಲ. ಆದರೆ ಅದೊಂದು ಮಾತ್ರ ಕಟ್ಟು ಕೇಳುತ್ತಿದೆ. ಆ ಮಸಿಯಲ್ಲಿ ಕಳೆದುಹೋಗುತ್ತದೆ ಅದು. ಟೇಪು ಇರಲಿಲ್ಲ, ಗೇಣು ಹಾಕಿ ಅಳೆದುಕೊಂಡೆ. ಶಾಲೆಯ ಮರದಲ್ಲಿ ಒಂದು ಪಟ್ಟಿ ಉಳಿದಿದೆ, ಗರಗಸವನ್ನೂ ಕೊಟ್ಟಿಲ್ಲ. ಅಂಗಡಿ ಇಲ್ಲದಿದ್ದರೇನು, ಮಂಚದ ಅಂಚಿನಲ್ಲಿ ಇಟ್ಟು ಕೊಯ್ಯಬಹುದು. ಔಷಧಿ ಅಂಗಡಿಯವನು ತನ್ನ ಮಹಡಿಯ ಕೋಣೆ ಬಿಟ್ಟುಕೊಟ್ಟಿದ್ದಾನೆ. ಅವನ ವಿಳಾಸಕ್ಕೇ ಬರೆ.

ರೈಲು ಬಂತು.

ಅಣ್ಣ


ಮಾರ್ಚ್ ೨೧

ಅಣ್ಣಾ,

ನಿನ್ನ ಪತ್ರ ಹಿಡಿದುಕೊಂಡು ಗೇಟಿನವನ ಹತ್ತಿರ ಓಡಿದೆ. "ಹೌದಮ್ಮಾ, ಯಾರೋ ಬಡಗಿ ಏನೋ ಹೇಳಿದ, ಗಲಾಟೇಲಿ ಮರೆತೇ ಹೋಯ್ತು" ಅಂದ. ಹೊಡೆಯಲು ಕೈ ಎತ್ತಿದೆ, ಬೀಡಿ ಕೆಳಗೆ ಹಾಕಿ ಎದ್ದು ನಿಂತ. ಪಾಪ ಅನ್ನಿಸಿತು. ಅಲ್ಲೇ ಅವನ ಬೆಂಚಿನ ಮೇಲೆ ಕೂತು ಅತ್ತೆ. ನೀನು ನನಗಾಗಿ ವಾಪಸ್ ಹೋದೆ, ನಾನು ನಿನಗಾಗಿ ಮೊಳೆ ಹೊಡೆಸಿದೆ. ನಮ್ಮಿಬ್ಬರನ್ನು ಹೆತ್ತ ಅಮ್ಮ ಇದ್ದಿದ್ದರೆ ಇಬ್ಬರ ತಲೆಗೂ ಮೊಟಕುತ್ತಿದ್ದಳು.

ಅಂಗಡಿಯ ವಿಷಯವನ್ನು ಮೂರು ಸಲ ಓದಿದೆ. ಗೋಡೆಗೆ ಯಾವ ಬಣ್ಣ ಹೊಡೆಸಬೇಕು ಅಂತ ಬರೆದವಳು ನಾನು. ನೀನು ಅದನ್ನು ಓದಿ ಏನೂ ಅನ್ನಲಿಲ್ಲವಲ್ಲ ಅಣ್ಣಾ.

ಕಟ್ಟುಗಳನ್ನು ನಿನ್ನೆ ಬಿಚ್ಚಿಸಿದೆ. ಖಾ‍ಲಿ ಮೇಡಂ ಒಂದೊಂದು ಮೂಲೆಯನ್ನೂ ತಾನೇ ಹಿಡಿದು ಇಳಿಸಿಕೊಂಡಳು. ಒಂದಕ್ಕೂ ಪೆಟ್ಟಾಗಲು ಬಿಡಲಿಲ್ಲ. ಕುರ್ಚಿಗಳು ಮತ್ತೆ ಅಲುಗಾಡುತ್ತಿವೆ. ಇವತ್ತು ಒಬ್ಬ ಮುದುಕಿ ಬಂದು ಟೈಪಿಂಗ್ ಶಾಲೆಯ ಮುಂದೆ ಬಹಳ ಹೊತ್ತು ನಿಂತಳು. ಹೋಗುವಾಗ ನನ್ನ ಕೈಯನ್ನು ಒಮ್ಮೆ ಒತ್ತಿದಳು.

ಆ ಚಿಕ್ಕದರ ಬಗ್ಗೆ ನೀನು ತಿಳಿದುಕೊಂಡದ್ದು ತಪ್ಪು. ಕೆಳಗೆ ಹೆಸರಿನ ಚೀಟಿ ಇದ್ದಿದ್ದರೆ ಗೊತ್ತಾಗುತ್ತಿತ್ತು. ಅತ್ತಿಗೆ ತೀರಿಕೊಂಡ ವರ್ಷ ನಾನು ಬಂದಿದ್ದೆನಲ್ಲ, ಆ ದಿನ ನೀನು ಅಂಟಿನ ಕೈ ಒರೆಸಿಕೊಂಡು ನನಗೆ ಚಹಾ ತರಲು ಎದ್ದು ಹೋದೆ. ಹೋಗುವಾಗ ಬಾಗಿಲಲ್ಲಿ ತಿರುಗಿ ಒಂದು ಮಾತು ಹೇಳಿದೆ. ನೀನು ಬರುವವರೆಗೂ ನಾನು ಆ ಸ್ಟೂಲನ್ನೇ ನೋಡುತ್ತಾ ಕೂತಿದ್ದೆ. ಅದು ಖಾಲಿ ಸ್ಟೂಲಲ್ಲ ಅಣ್ಣಾ. ಚಿತ್ರದ ಹೆಸರು, ನೀನು ಹೇಳಿದ ಮಾತೇ: "ಈಗ ಬಂದೆ."

ಕಟ್ಟು ಕೊಯ್ದಾಯಿತಾ? ಲಾರಿಗೆ ಹಾಕಬೇಡ. ಕಂಕುಳಲ್ಲಿ ಇಟ್ಟುಕೊಂಡು ನೀನೇ ತಾ. ಚಿತ್ರದ ಎದುರು ಒಂದು ಸ್ಟೂಲು ಹಾಕಿಸಿದ್ದೇನೆ, ಖಾಲಿ ಮೇಡಂ ತುಟಿ ಪಿಟಕ್ಕೆನ್ನಲಿಲ್ಲ. ಒಂದು ದಿನ ಪೂರ್ತಿ ಕೂರಬೇಕು ನೀನು, ಆಮೇಲೆ ನಿನ್ನ ಒಂದು ಮಾತು ಹೇಳಬೇಕು.

ಮೂವತ್ತರ ಬೆಳಗಿನ ರೈಲಿಗೆ ಬಾ. ನೀನು ಹೇಗೂ ಒಂದು ದಿನ ಮೊದಲೇ ಬರುವವನು. ನಾನು ಇಪ್ಪತ್ತೊಂಬತ್ತಕ್ಕೇ ನಿಲ್ದಾಣದಲ್ಲಿ ನಿಂತಿರುತ್ತೇನೆ.

ಗುಬ್ಬಿ